ಹಿತ್ತಿಲ ಕಡೆಗೆ ಡೆಕ್ ಕಟ್ಟಬೇಕು: ಯಾವ ಹಲಗೆ, ಯಾವ ಸ್ಕ್ರೂ, ಯಾವ ಟೂಲ್ಸ್?

ತೋಟದಮನೆ, ನೀರ್ಚಾಲು (ಜನವರಿ 9)

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಿಜಾರಿನಲ್ಲಿರುವ ಹಂಚಿನ ಮನೆ. ಮುಂದೆ ಅಂಗಳ. ಹಿಂದೆ ಅಡುಗೆಮನೆ ಬಾಗಿಲು ತೆರೆದರೆ ನಾಲ್ಕಡಿ ಕೆಳಗೆ ಅಡಿಕೆ ತೋಟ. ಅಪ್ಪನಿಗೆ ಮಂಡಿನೋವು. ಮೆಟ್ಟಿಲು ಇಳಿದು ತೋಟಕ್ಕೆ ಹೋಗುವುದು ನಿಂತು ಎರಡು ವರ್ಷವಾಯಿತು. ಬಾಗಿಲ ಮಟ್ಟಕ್ಕೇ ಒಂದು ಡೆಕ್, ಅಂದರೆ ಕಂಬದ ಮೇಲೆ ಹಲಗೆ ಹಾಸಿದ ತೆರೆದ ಜಗಲಿ, ಮಾಡಿಕೊಟ್ಟರೆ ಕುರ್ಚಿ ಹಾಕಿ ಕೂತು ತೋಟ ನೋಡಬಹುದು ಎಂದು ನನ್ನ ಆಸೆ. ಅಳತೆ 10 ಅಡಿ, 16 ಅಡಿ ಅಂದುಕೊಂಡಿದ್ದೇನೆ.

ಎಂಟು ವರ್ಷದ ಹಿಂದೆ ಅದೇ ಜಾಗದಲ್ಲಿ ಹಲಸಿನ ಹಲಗೆಯ ಸಣ್ಣದೊಂದು ಜಗಲಿ ಮಾಡಿಸಿದ್ದೆವು. ಕಳೆದ ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದೆ. ಹಲಗೆಯ ನಡುಭಾಗ ಚೆನ್ನಾಗಿತ್ತು, ಬಡಿದರೆ ಟಣ್ ಅನ್ನುತ್ತಿತ್ತು. ಆದರೆ ಒಂದೊಂದು ಸ್ಕ್ರೂವಿನ ಸುತ್ತ ರೂಪಾಯಿ ಅಗಲಕ್ಕೆ ಮರ ಕಪ್ಪಾಗಿ ಮೆತ್ತಗಾಗಿತ್ತು. ಸ್ಕ್ರೂ ಕೈಯಲ್ಲೇ ಎಳೆದರೆ ಬಂತು. ತಲೆ ಇತ್ತು, ತುದಿ ಇತ್ತು, ನಡುವೆ ಮಾತ್ರ ಸವೆದು ಸೂಜಿಯಷ್ಟಾಗಿತ್ತು.

ಈಗ ಕಾಂಪೋಸಿಟ್ (ಮರದ ಹುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ ಹಾಕೋಣ ಅಂತ ಕಾಸರಗೋಡಿನಲ್ಲಿ ಎರಡು ಅಂಗಡಿ ನೋಡಿ ಬಂದೆ. ಎರಡೂ ಕಡೆ 'ಡಬ್ಲ್ಯುಪಿಸಿ' (ವುಡ್ ಪ್ಲಾಸ್ಟಿಕ್ ಕಾಂಪೋಸಿಟ್) ಅಂತಲೇ ಹೇಳಿದರು. ಆದರೆ ತೋರಿಸಿದ ವಸ್ತು ಬೇರೆ ಬೇರೆ. ಒಂದು ಬೆಳ್ಳಗೆ, ಹಗುರ. ಇನ್ನೊಂದು ಕಂದು ಬಣ್ಣ, ಒಳಗೆ ಪೊಳ್ಳು, ಬದಿಯಲ್ಲಿ ಉದ್ದಕ್ಕೂ ಕೊರೆದ ಸೀಳು. ಏನು ತೆಗೆದುಕೊಳ್ಳಲಿ? ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ದಿನ) ಮೊದಲು ಮುಗಿಸಬೇಕು.

ಮರಗೆಲಸ, ಮುಳ್ಳೇರಿಯ (ಜನವರಿ 9)

ಅಣ್ಣ, ನಿಮ್ಮ ಹಲಸು ಸೋತದ್ದಲ್ಲ, ಸ್ಕ್ರೂ ಸೋತದ್ದು. ಅದು ಕಪ್ಪು ಸ್ಕ್ರೂ ಇರಬೇಕು, ಜಿಪ್ಸಂ ಸೀಲಿಂಗಿಗೆ ಹೊಡೆಯುವಂಥದ್ದು. ಒಳಗಡೆ ಕೆಲಸಕ್ಕೆ ಮಾಡಿದ್ದು ಅದು. ಮಳೆ ಬೀಳುವಲ್ಲಿ ಹಾಕಲೇಬಾರದು. ಕಬ್ಬಿಣ ತುಕ್ಕು ಹಿಡಿಯುತ್ತಾ ಹೋದ ಹಾಗೆ ಅದರ ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಮೇಲಿನಿಂದ ನೋಡಿದರೆ ಮರ ಕುಂಬಾಯಿತು (ಕೊಳೆಯಿತು) ಅನ್ನಿಸುತ್ತದೆ. ನಿಜಕ್ಕೂ ಶುರುವಾದದ್ದು ಸ್ಕ್ರೂವಿನಿಂದ.

ನಿಮ್ಮ ತೋಟದಲ್ಲೇ ಬೆಳೆದ ಹಲಸು, ಬೋಗಿ ಮರ ಇದ್ದರೆ ಮರದಲ್ಲೇ ಮಾಡಿ ಅನ್ನುತ್ತೇನೆ. ಬಿಳಿ ಭಾಗ ಪೂರ್ತಿ ತೆಗೆದು ತಿರುಳು ಮಾತ್ರ ಹಾಕಬೇಕು. ವರ್ಷಕ್ಕೊಮ್ಮೆ ಎಣ್ಣೆ ಕೊಡಬೇಕು.

ತೋಟದಮನೆ, ನೀರ್ಚಾಲು (ಜನವರಿ 10)

ಹೌದು, ಕಪ್ಪು ಸ್ಕ್ರೂವೇ. ಅಂದು ಕೆಲಸಕ್ಕೆ ಬಂದವರು ತಂದದ್ದು, ನನಗೂ ಗೊತ್ತಿರಲಿಲ್ಲ. ಮರ ಇದೆ ಅಣ್ಣ, ಆದರೆ ವರ್ಷ ವರ್ಷ ಎಣ್ಣೆ ಕೊಡುವುದು ನನ್ನಿಂದ ಆಗದು. ವಾರಕ್ಕೆ ಐದು ದಿನ ನಾನು ಮಂಗಳೂರಿನಲ್ಲಿ.

ಪೆರ್ಲದವ, ಈಗ ನಾರ್ತ್ ಕೆರೊಲಿನಾ (ಜನವರಿ 10)

ಇಲ್ಲಿ ನಮ್ಮ ಮನೆಯ ಡೆಕ್ ನಾನೇ ಕಟ್ಟಿದೆ. ಆಮೇಲೆ ಇಬ್ಬರು ಗೆಳೆಯರದ್ದಕ್ಕೂ ಕೈ ಹಾಕಿದೆ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಆ ಬಿಳಿ ಹಗುರ ಹಲಗೆ ಬಿಟ್ಟುಬಿಡಿ. ಅದು ಪಿವಿಸಿ ಫೋಮ್ ಶೀಟು. ಅಡುಗೆಮನೆ ಕಪಾಟಿಗೆ, ಬಚ್ಚಲಿನ ಬಾಗಿಲಿಗೆ ಒಳ್ಳೆಯ ವಸ್ತು. ಊರಲ್ಲಿ ಅದನ್ನೂ ಡಬ್ಲ್ಯುಪಿಸಿ ಅಂತಲೇ ಮಾರುತ್ತಾರೆ. ಅದರ ಮೇಲೆ ಜನ ಓಡಾಡಲು ಆಗದು, ಬಾಗುತ್ತದೆ. ಡೆಕ್ಕಿಗೆ ಬೇಕಾದದ್ದು ಮರದ ಹುಡಿಯನ್ನೂ ಪ್ಲಾಸ್ಟಿಕ್ಕನ್ನೂ ಬಿಸಿಯಲ್ಲಿ ಬೆರೆಸಿ ಅಚ್ಚಿನ ಮೂಲಕ ಒತ್ತಿ ತೆಗೆದ ಹಲಗೆ. ನೀವು ನೋಡಿದ ಕಂದು ಹಲಗೆ ಆ ಜಾತಿಯದ್ದು.

ಅದರಲ್ಲೂ ಎರಡು ಬಗೆ. ಹಳೆಯದರಲ್ಲಿ ಮರದ ಹುಡಿ ಹೊರಮೈಯಲ್ಲೂ ಇರುತ್ತದೆ. ಅದು ನೀರು ಕುಡಿಯುತ್ತದೆ, ಬಣ್ಣ ಮಾಸುತ್ತದೆ, ಹಾವಸೆ ಕಟ್ಟುತ್ತದೆ. ಹೊಸದರಲ್ಲಿ ಇಡೀ ಹಲಗೆಗೆ ಪ್ಲಾಸ್ಟಿಕ್ಕಿನ ತೆಳು ಕವಚ ಇರುತ್ತದೆ, ಅದನ್ನು ಕ್ಯಾಪ್ಡ್ ಅನ್ನುತ್ತಾರೆ. ನಮ್ಮೂರಿನ ಮಳೆಗೆ ಕ್ಯಾಪ್ಡ್ ಅಲ್ಲದ್ದು ಬೇಡವೇ ಬೇಡ. ಕವಚ ಮೇಲೆ ಮಾತ್ರ ಇದೆಯೋ ನಾಲ್ಕೂ ಕಡೆ ಇದೆಯೋ ನೋಡಿ. ನೆಲದ ತೇವ ಏರುವುದು ಕೆಳಗಿನಿಂದ ಅಲ್ವಾ?

ಪೊಳ್ಳು ಹಲಗೆಯ ತುದಿಗೆ ಮುಚ್ಚಳ ಹಾಕಲೇಬೇಕು. ಇಲ್ಲದಿದ್ದರೆ ಒಳಗೆ ಇರುವೆ, ಕಣಜ ಗೂಡು ಕಟ್ಟುತ್ತವೆ, ನೀರೂ ನಿಲ್ಲುತ್ತದೆ. ಕೈಯಲ್ಲಿ ದುಡ್ಡಿದ್ದರೆ ಗಟ್ಟಿ ಹಲಗೆ ತೆಗೆದುಕೊಳ್ಳಿ.

ಅಂಗಡಿಯಿಂದ ಒಂದೊಂದು ತುಂಡು ಕೇಳಿ ತನ್ನಿ. ಒಂದು ವಾರ ಬಕೆಟಿನ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಕತ್ತರಿಸಿದ ತುದಿಯನ್ನು ಬೆರಳಿನಿಂದ ಸವರಿ ನೋಡಿ.

ಕಡಲತಡಿ, ಮಂಜೇಶ್ವರ (ಜನವರಿ 11)

ನಾನು ಸ್ಕ್ರೂವಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಐದು ವರ್ಷದ ಹಿಂದೆ ಮಾಳಿಗೆಯ ಮೇಲೆ ಡೆಕ್ ಹಾಕಿಸಿದೆವು. ಸ್ಟೈನ್‌ಲೆಸ್ ಸ್ಕ್ರೂ ಅಂತ ಬಿಲ್ಲಿನಲ್ಲಿ ಬರೆದಿತ್ತು. ಒಂದೇ ಮಳೆಗಾಲಕ್ಕೆ ಸ್ಕ್ರೂ ತಲೆಯಿಂದ ಕೆಂಪು ನೀರು ಇಳಿದು ಹಲಗೆಯ ಮೇಲೆ ಗೆರೆ ಬಿತ್ತು. ಉಜ್ಜಿದರೂ ಹೋಗಲಿಲ್ಲ. ಬೇಸರದಲ್ಲಿ ಇದನ್ನು ಬೆನ್ನು ಹತ್ತಿ ತಿಳಿದುಕೊಂಡೆ.

ಸ್ಟೈನ್‌ಲೆಸ್ ಅಂದರೆ ಒಂದೇ ಅಲ್ಲ. 410 ಅಂತ ಒಂದಿದೆ. ಅದನ್ನು ಗಟ್ಟಿ ಮಾಡಬಹುದು, ಹಾಗಾಗಿ ಕಬ್ಬಿಣದ ಟ್ಯೂಬನ್ನು ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳು ಅದರಲ್ಲಿ ಬರುತ್ತವೆ. ಆದರೆ ಬೇಗ ತುಕ್ಕು ಹಿಡಿಯುತ್ತದೆ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಒಳನಾಡಿಗೆ ಅದು ಸಾಕು. 316ರಲ್ಲಿ ಇದರ ಜೊತೆ 2 ಭಾಗದಷ್ಟು ಮಾಲಿಬ್ಡಿನಂ. ಉಪ್ಪುಗಾಳಿಗೆ ತಡೆಯುವುದು ಅದೇ. ನಮಗೆ ಹಾಕಿದ್ದು 410.

ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಹಿಡಿದುಕೊಂಡು ಹೋಗಿ. 410 ಟಪ್ ಅಂತ ಅಂಟುತ್ತದೆ. 304, 316 ಅಂಟುವುದಿಲ್ಲ, ಅಥವಾ ತುಂಬಾ ಮೆಲ್ಲಗೆ ಎಳೆಯುತ್ತವೆ. 304 ಯಾವುದು, 316 ಯಾವುದು ಅಂತ ಅಯಸ್ಕಾಂತ ಹೇಳುವುದಿಲ್ಲ. ಅದಕ್ಕೆ ಡಬ್ಬಿ ಮೇಲಿನ ಬರಹ ನೋಡಬೇಕು. ಎ2 ಅಂದರೆ 304, ಎ4 ಅಂದರೆ 316.

ತೋಟದಮನೆ, ನೀರ್ಚಾಲು (ಜನವರಿ 11)

ಅಕ್ಕ, ಇದನ್ನು ನನಗೆ ಯಾವ ಅಂಗಡಿಯವರೂ ಹೇಳಲಿಲ್ಲ. ತುಂಬಾ ಉಪಕಾರವಾಯಿತು. ನಮ್ಮ ಮನೆ ಸಮುದ್ರದಿಂದ ಒಳಗಡೆ, 304 ಸಾಕಲ್ವಾ? ಹೊಳೆಯುವ ಬೆಳ್ಳಿ ಬಣ್ಣದ ಜಿಂಕ್ ಸ್ಕ್ರೂ ಬೋಲ್ಟು ಸಾಕು, ಅಷ್ಟು ಖರ್ಚು ಯಾಕೆ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ.

ವೆಲ್ಡಿಂಗ್ ಕೆಲಸ, ಉಪ್ಪಳ (ಜನವರಿ 12)

ಹೊಳೆಯುವ ಜಿಂಕ್ ಸ್ಕ್ರೂ ಮಳೆಗೆ ಬೇಡ. ಅದರ ಮೇಲೆ ಇರುವ ಸತುವಿನ ಪದರ ಬರೀ 5ರಿಂದ 10 ಮೈಕ್ರಾನ್. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟಿನಲ್ಲಿ ಅದು 50ರ ಆಸುಪಾಸು ಇರುತ್ತದೆ. ಅದು ಹೊಳೆಯುವುದಿಲ್ಲ, ಬೂದಿ ಬಣ್ಣ, ಮುಟ್ಟಿದರೆ ತರಿ ತರಿ. ಚಂದ ನೋಡಿ ತಗೊಂಡರೆ ಕೆಟ್ಟಿರಿ. ಕಂಬ, ಬೀಮು ಜೋಡಿಸುವ ದೊಡ್ಡ ಬೋಲ್ಟಿಗೆ ಅದ್ದಿದ್ದು ಸಾಕು. ಹಲಗೆ ಹಿಡಿಯುವ ಸಣ್ಣ ಸ್ಕ್ರೂವಿಗೆ ಸ್ಟೈನ್‌ಲೆಸ್ಸೇ ಆಗಬೇಕು.

ಇನ್ನು ಫ್ರೇಮು. ಬರೀ ಕಬ್ಬಿಣಕ್ಕೆ ಪೈಂಟ್ ಬಳಿದರೆ ನಾಲ್ಕು ಮಳೆಗಾಲಕ್ಕೆ ಏಳುತ್ತದೆ. ಜಿಐ ಟ್ಯೂಬ್ (ಸತು ಲೇಪಿಸಿದ ಕಬ್ಬಿಣದ್ದು) ಹಾಕಿ. ಆದರೆ ವೆಲ್ಡ್ ಮಾಡಿದ ಕಡೆಯೆಲ್ಲಾ ಸತು ಸುಟ್ಟು ಹೋಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ವೆಲ್ಡ್ ಆದ ಮೇಲೆ ಕರಿ ಕೆರೆದು, ಒರೆಸಿ, ಸತು ಜಾಸ್ತಿ ಇರುವ ಪೈಂಟನ್ನು ಎರಡು ಸಲ ಹಚ್ಚಬೇಕು. ವೆಲ್ಡಿಂಗಿನವರು ಅವಸರದಲ್ಲಿ ಬಿಟ್ಟು ಹೋಗುವ ಕೆಲಸ ಇದೇ. ನೀವು ಹತ್ತಿರ ನಿಂತು ಮಾಡಿಸಿ. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಲು ಹೇಳಿ. ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ, ನನಗೆ ಬಂದಿದೆ.

ಟ್ಯೂಬಿನ ತುದಿ ಒಂದೂ ತೆರೆದಿರಬಾರದು. ಕಂಬವನ್ನು ಮಣ್ಣಿನಲ್ಲಿ ಹೂಳಬೇಡಿ. ನೆಲದಿಂದ ಅರ್ಧ ಅಡಿ ಮೇಲೆ ಬರುವ ಹಾಗೆ ಗಿಡ್ಡ ಕಾಂಕ್ರೀಟ್ ಕಂಬ ಕಟ್ಟಿ, ಅದರ ತಲೆಯನ್ನು ಸ್ವಲ್ಪ ಓರೆ ಮಾಡಿ, ಮೇಲೆ ಪ್ಲೇಟ್ ಕೂರಿಸಿ.

ಮಾಷ್ಟ್ರು, ಅಡೂರು (ಜನವರಿ 12)

ಉಪ್ಪಳದವರ ಮಾತಿಗೆ ಒಂದು ಸೇರಿಸುತ್ತೇನೆ. ತೋಟದವರು ಮರೆಯಬಾರದ ವಿಷಯ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಮಾಡುವಾಗ ನಾವು ಏನು ಮಾಡುತ್ತೇವೆ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಬೆರೆಸಿದ ಮೇಲೆ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಏನು? ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಕತ್ತಿಯ ಮೇಲೆ ಬಂದು ಕೂರುತ್ತದೆ, ಅದಕ್ಕೆ ಬದಲಾಗಿ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಸತುವಾದರೆ ಕಬ್ಬಿಣಕ್ಕಿಂತಲೂ ಬೇಗ ಕರಗುತ್ತದೆ.

ನಿಮ್ಮ ಡೆಕ್ ತೋಟದ ಅಂಚಿನಲ್ಲಿದೆ. ಮದ್ದು ಬಿಡುವ ದಿನ ಡ್ರಮ್ಮು, ಪಂಪು ಎಲ್ಲಾ ಡೆಕ್ಕಿನ ಬುಡಕ್ಕೆ ಬರುತ್ತದೆ, ಅಲ್ವಾ? ಜಿಐ ಕಂಬದ ಹತ್ತಿರ ಮೈಲುತುತ್ತು ಕರಗಿಸಲು ಬಿಡಬೇಡಿ. ಹನಿ ಬಿದ್ದರೆ ಅಂದೇ ತೊಳೆಯಿರಿ. ಅಡಿಕೆ ಮರದ ಸಾಲಿಗೆ ಹತ್ತಿರ ಇರುವ ಬದಿಯ ಸ್ಕ್ರೂಗಳಿಗೆ 316 ಹಾಕಿದರೂ ತಪ್ಪಿಲ್ಲ.

ಪೆರ್ಲದವ, ಈಗ ನಾರ್ತ್ ಕೆರೊಲಿನಾ (ಜನವರಿ 12)

ಮಾಷ್ಟ್ರೇ, ನೀವು ಹೇಳಿದ್ದೇ ಇಲ್ಲಿ ದೊಡ್ಡ ಮಟ್ಟದಲ್ಲಿ ಆಯಿತು. ಅಮೆರಿಕದಲ್ಲಿ ಡೆಕ್ಕಿನ ಪೈನ್ ಮರಕ್ಕೆ ಮೊದಲು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮದ್ದು ಕುಡಿಸುತ್ತಿದ್ದರು. ಆರ್ಸೆನಿಕ್ ಭಯದಿಂದ 2003ರ ಕೊನೆಗೆ ಮನೆ ಕೆಲಸದ ಮರಕ್ಕೆ ಅದನ್ನು ನಿಲ್ಲಿಸಿದರು. ಅದರ ಬದಲು ಬಂದ ಮದ್ದಿನಲ್ಲಿ ತಾಮ್ರ ಜಾಸ್ತಿ. ಹಳೆಯ ಅಭ್ಯಾಸದಲ್ಲಿ ತೆಳು ಜಿಂಕಿನ ಮೊಳೆ ಹೊಡೆದವರ ಡೆಕ್ಕಿನಲ್ಲಿ ಮೊಳೆ ಬೇಗ ಬೇಗ ಸವೆದು ಹೋಯಿತು. ಅಂದಿನಿಂದ ಇಲ್ಲಿ ಮದ್ದಿನ ಮರಕ್ಕೆ ದಪ್ಪ ಸತು ಅಥವಾ ಸ್ಟೈನ್‌ಲೆಸ್ ಅನ್ನುವುದು ನಿಯಮದ ಹಾಗೆ ಆಗಿದೆ. ನಾನು ಇದನ್ನು ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಂಡದ್ದು. ಬೋರ್ಡೋ ಕತ್ತಿಯನ್ನು ಚಿಕ್ಕಂದಿನಿಂದ ನೋಡಿದ್ದರೂ ಎರಡೂ ಒಂದೇ ಅಂತ ಈವರೆಗೆ ಹೊಳೆದಿರಲಿಲ್ಲ.

ಜಿಐ ಟ್ಯೂಬಿಗೆ ಸ್ಟೈನ್‌ಲೆಸ್ ಸ್ಕ್ರೂ ಹಾಕಿದರೆ ಜಗಳ ಆಗದಾ ಅಂತ ಯಾರಾದರೂ ಕೇಳಬಹುದು. ಸ್ಕ್ರೂ ಸಣ್ಣದು, ಸತುವಿನ ಮೈ ದೊಡ್ಡದು. ಹಾಗಿರುವಾಗ ತೊಂದರೆ ಕಡಿಮೆ. ಇದಕ್ಕೆ ತಿರುಗಾಮುರುಗಾ, ಅಂದರೆ ಸ್ಟೈನ್‌ಲೆಸ್ ಪಟ್ಟಿಗೆ ಜಿಂಕ್ ಸ್ಕ್ರೂ ಹಾಕಿದರೆ ಸ್ಕ್ರೂ ಬೇಗ ಹೋಗುತ್ತದೆ.

ತೋಟದಮನೆ, ನೀರ್ಚಾಲು (ಜನವರಿ 20)

ಬಕೆಟಿನ ಪರೀಕ್ಷೆ ಮುಗಿಯಿತು. ಮೂರು ತುಂಡು ಹಾಕಿದ್ದೆ. ಕವಚ ಇಲ್ಲದ ಪೊಳ್ಳು ಹಲಗೆಯ ತುದಿ ಉಬ್ಬಿತ್ತು, ಉಗುರು ಒತ್ತಿದರೆ ಹುಡಿ ಎದ್ದು ಬಂತು. ಮೇಲೆ ಮಾತ್ರ ಕವಚ ಇದ್ದದ್ದು ಕೆಳಗಡೆ ಸ್ವಲ್ಪ ಒರಟಾಗಿದೆ. ನಾಲ್ಕೂ ಕಡೆ ಕವಚ ಇರುವ ಗಟ್ಟಿ ಹಲಗೆ ಹಾಕುವಾಗ ಹೇಗಿತ್ತೋ ಹಾಗೇ ಇದೆ. ಅದನ್ನೇ ತೆಗೆದುಕೊಳ್ಳುತ್ತೇನೆ. 140 ಮಿ.ಮೀ. ಅಗಲ, 25 ಮಿ.ಮೀ. ದಪ್ಪ, ಉದ್ದ 2.9 ಮೀಟರ್. ಎಷ್ಟು ಬೇಕು?

ಪೆರ್ಲದವ, ಈಗ ನಾರ್ತ್ ಕೆರೊಲಿನಾ (ಜನವರಿ 20)

10 ಅಡಿ ಬಿಡಿ, ಒಂಬತ್ತೂವರೆ ಮಾಡಿ. 2.9 ಮೀಟರ್ ಅಂದರೆ ಒಂಬತ್ತೂವರೆ ಅಡಿ. ಹಲಗೆಯನ್ನು ಮನೆಯಿಂದ ತೋಟದ ಕಡೆಗೆ ಉದ್ದಕ್ಕೆ ಹಾಕಿದರೆ ಒಂದು ಜೋಡಣೆಯೂ ಬರುವುದಿಲ್ಲ. 10 ಅಡಿ ಹಟ ಹಿಡಿದರೆ ಆ ಅರ್ಧ ಅಡಿಗೋಸ್ಕರ ಪ್ರತಿ ಸಾಲಿನಲ್ಲೂ ಒಂದು ತುಂಡು ಜೋಡಿಸಬೇಕು. ನೀರು ಇಳಿಯುವುದು, ತುದಿ ಏಳುವುದು ಎಲ್ಲಾ ಆ ಜೋಡಣೆಯಲ್ಲೇ.

16 ಅಡಿ ಅಂದರೆ 4.88 ಮೀಟರ್. 140ಕ್ಕೆ 5 ಮಿ.ಮೀ. ಸಂದು ಸೇರಿಸಿದರೆ 145. ಹಾಗಾಗಿ 34 ಹಲಗೆ. ಎರಡು ಜಾಸ್ತಿ ತನ್ನಿ. ಎರಡೂ ತುದಿಯಲ್ಲಿ 2 ಸೆಂ.ಮೀ. ಮಾತ್ರ ಹೊರಗೆ ಚಾಚಲಿ. ಕೆಳಗಿನ ಅಡ್ಡ ಟ್ಯೂಬ್ 40 ಸೆಂ.ಮೀ.ಗಿಂತ ದೂರ ಇರಬಾರದು. ನಮ್ಮೂರಿನ ಸೆಕೆಗೆ 36 ಇಡಿ, ಒಟ್ಟು 9 ಸಾಲು ಬರುತ್ತದೆ. ಹಲಗೆ ಓರೆ ಹಾಕುವುದಾದರೆ 30ಕ್ಕೆ ಇಳಿಸಬೇಕು, ಆದರೆ ಓರೆ ಸುಮ್ನೆ ಖರ್ಚು. ಹಲಗೆಗಳ ಸಂದಿನಲ್ಲಿ ಕೂತು ಅವನ್ನು ಟ್ಯೂಬಿಗೆ ಹಿಡಿಸುವುದು ಕ್ಲಿಪ್; 33 ಸಂದು, 9 ಸಾಲು, ಅಂದರೆ 297 ಕ್ಲಿಪ್. ಮೊದಲ ಮತ್ತು ಕೊನೆಯ ಹಲಗೆಗೆ ಬೇರೆ ಕ್ಲಿಪ್ ಬೇಕು.

ಒಂದು ಮುಖ್ಯ ವಿಷಯ. ಮರ ಮಳೆಗೆ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಅಲ್ಲ. ಕಾಂಪೋಸಿಟ್ ಬಿಸಿಲಿಗೆ ಉದ್ದದಲ್ಲಿ ಹಿಗ್ಗುತ್ತದೆ. ನಿಮ್ಮ ಹಲಗೆ ಬೆಳಗ್ಗಿನ ತಂಪಿನಿಂದ ಮಧ್ಯಾಹ್ನದ ಬಿಸಿಗೆ 30 ಡಿಗ್ರಿ ಏರಿದರೆ 3ರಿಂದ 4 ಮಿ.ಮೀ. ಬೆಳೆಯಬಹುದು. ಅದಕ್ಕೆ ಗೋಡೆಗೆ ಒತ್ತಿ ಹಾಕಬೇಡಿ, ಅರ್ಧ ಇಂಚು ಜಾಗ ಬಿಡಿ. ಒಂದೊಂದು ಹಲಗೆಯನ್ನು ಒಂದೇ ಜಾಗದಲ್ಲಿ, ನಡುವೆ, ಬಿಗಿಯಾಗಿ ಹಿಡಿಸಿ. ಉಳಿದ ಕಡೆ ಕ್ಲಿಪ್ಪಿನಲ್ಲಿ ಜಾರಲಿ.

ಮರಗೆಲಸ, ಮುಳ್ಳೇರಿಯ (ಜನವರಿ 21)

ಕ್ಲಿಪ್ಪು ನೋಡಲು ಚಂದ. ಆದರೆ ನಡುವಿನ ಒಂದು ಹಲಗೆ ತೆಗೆಯಬೇಕಾದರೆ ಒಂದು ಬದಿಯಿಂದ ಎಲ್ಲಾ ಬಿಚ್ಚುತ್ತಾ ಬರಬೇಕು. ಮೇಲಿನಿಂದ ಸ್ಕ್ರೂ ಹಾಕಿದ್ದರೆ ಬೇಕಾದ ಹಲಗೆ ಮಾತ್ರ ಎತ್ತಬಹುದು. ಕೆಳಗೆ ಹಾವು, ಇಲಿ ಸೇರಿಕೊಳ್ಳುವ ಜಾಗ ಇದು. ಎರಡು ಹಲಗೆಯನ್ನಾದರೂ ಮೇಲಿನಿಂದ ಸ್ಕ್ರೂ ಹಾಕಿ ಬಿಡಿ, ಎತ್ತಿ ನೋಡಲು ಬಾಗಿಲಿನ ಹಾಗೆ.

ಪೆರ್ಲದವ, ಈಗ ನಾರ್ತ್ ಕೆರೊಲಿನಾ (ಜನವರಿ 21)

ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಹಾಗೇ ಮಾಡಿ. ಮೇಲಿನಿಂದ ಹಾಕುವಾಗ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಹಿಗ್ಗಲು ಜಾಗ ಬೇಕು.

ತಾಳವಾಡಿಯಿಂದ (ಜನವರಿ 22)

ನಮ್ಮಲ್ಲಿ ನಿಮ್ಮಷ್ಟು ಮಳೆ ಇಲ್ಲ, ಬಿಸಿಲೇ ಜಾಸ್ತಿ. ಕಡು ಕಂದು ಹಲಗೆ ಹಾಕಿಸಿ, ಏಪ್ರಿಲ್ ಮಧ್ಯಾಹ್ನ ಬರಿಗಾಲಿನಲ್ಲಿ ಕಾಲಿಡಲು ಆಗುತ್ತಿಲ್ಲ. ಹಿರಿಯರು ಕೂರುವ ಜಾಗ ಅಂದಿರಿ. ತಿಳಿ ಬಣ್ಣ ತಗೊಳ್ಳಿ, ನಯವಲ್ಲದ ಮೈ ಇರುವುದನ್ನು ನೋಡಿ. ಕಾಲು ಜಾರಬಾರದು.

ವೆಲ್ಡಿಂಗ್ ಕೆಲಸ, ಉಪ್ಪಳ (ಜನವರಿ 22)

ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಗೆ ಬೀಮ್ ಹಿಡಿಸುವ ಆಲೋಚನೆ ಇದ್ದರೆ ಬಿಡಿ. ಆ ಕಲ್ಲಿನಲ್ಲಿ ಆಂಕರ್ ಬೋಲ್ಟ್ ಬಿಗಿಯಾಗಿ ಕೂರುವುದಿಲ್ಲ, ಹುಡಿಯಾಗುತ್ತದೆ. ಗೋಡೆಯಿಂದ ದೂರ, ಅದರದ್ದೇ ಕಂಬದ ಮೇಲೆ ನಿಲ್ಲಲಿ. ಬಾಲ್ಕನಿಗೆ ಚದರ ಮೀಟರಿಗೆ 300 ಕಿಲೋ ಭಾರದ ಲೆಕ್ಕ ಹಾಕುತ್ತಾರೆ. ಮದುವೆ, ಪೂಜೆ ಅಂತ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಕಂಬ ಮತ್ತು ಬೀಮಿನ ಗಾತ್ರವನ್ನು ಒಬ್ಬ ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ನಾಲ್ಕಡಿ ಎತ್ತರ ಇದೆ, ಕೈಹಿಡಿ ಬೇಕೇ ಬೇಕು.

ಪೆರ್ಲದವ, ಈಗ ನಾರ್ತ್ ಕೆರೊಲಿನಾ (ಜನವರಿ 22)

ಇಲ್ಲಿ 30 ಇಂಚಿಗಿಂತ ಎತ್ತರ ಆದರೆ 36 ಇಂಚಿನ ಕೈಹಿಡಿ ಕಡ್ಡಾಯ. ಸರಳುಗಳ ಸಂದಿನಲ್ಲಿ 4 ಇಂಚಿನ ಚೆಂಡು ತೂರಬಾರದು, ಮಗುವಿನ ತಲೆಯ ಲೆಕ್ಕ ಅದು.

ತೋಟದಮನೆ, ನೀರ್ಚಾಲು (ಫೆಬ್ರವರಿ 3)

ಫ್ರೇಮಿನ ಕೆಲಸ ವೆಲ್ಡಿಂಗಿನವರಿಗೆ ಕೊಟ್ಟೆ. ಹಲಗೆ ನಾನೂ ತಮ್ಮನೂ ಸೇರಿ ಹಾಕುತ್ತೇವೆ. ಟೂಲ್ಸ್ ಏನೇನು ಬೇಕು? ಮನೆಯಲ್ಲಿ ಗ್ರೈಂಡರ್ ಇದೆ, ಹಳೆಯ ಹ್ಯಾಮರ್ ಡ್ರಿಲ್ ಇದೆ.

ಮರಗೆಲಸ, ಮುಳ್ಳೇರಿಯ (ಫೆಬ್ರವರಿ 3)

ಹ್ಯಾಮರ್ ಡ್ರಿಲ್ಲಿನಲ್ಲಿ ಕ್ಲಿಪ್ ಸ್ಕ್ರೂ ತಿರುಗಿಸಬೇಡಿ. ಕ್ಲಚ್ ಇರುವ ಬ್ಯಾಟರಿ ಡ್ರಿಲ್ ಒಂದು ಕೊಳ್ಳಿ, ಬ್ಯಾಟರಿ ಎರಡಿರಲಿ. ಕುತ್ತಿಗೆಯಲ್ಲಿ ನಂಬರ್ ಇರುವ ಉಂಗುರ ಇರುತ್ತದಲ್ಲ, ಅದೇ ಕ್ಲಚ್. ಕಡಿಮೆ ನಂಬರಿನಿಂದ ಶುರು ಮಾಡಿ. ಸ್ಕ್ರೂ ಕೂತ ಕೂಡಲೇ ಕಟಕಟ ಅಂತ ತಾನೇ ನಿಲ್ಲಬೇಕು. ಜಾಸ್ತಿ ಬಿಗಿದರೆ ಕ್ಲಿಪ್ ಬಾಗಿ ಹಲಗೆ ಜಾರುವುದಿಲ್ಲ, 304 ಸ್ಕ್ರೂ ಮೆತ್ತಗಿನದು, ತಲೆ ತುಂಡಾಗಿ ಬರುತ್ತದೆ.

304 ತಾನೇ ಟ್ಯೂಬ್ ಕೊರೆಯುವುದಿಲ್ಲ. ಮೊದಲು ಕೋಬಾಲ್ಟ್ ಬಿಟ್‌ನಲ್ಲಿ ತೂತು ಮಾಡಬೇಕು. ಮೆಲ್ಲಗೆ ತಿರುಗಿಸಿ, ಒಂದು ಹನಿ ಎಣ್ಣೆ ಬಿಡಿ. 300 ತೂತು ಬೇಸರದ ಕೆಲಸ, ಆದರೂ ಬಿಡಬೇಡಿ. ತುದಿ ಮಾತ್ರ ಗಟ್ಟಿ ಉಕ್ಕು, ಉಳಿದದ್ದು 304 ಇರುವ ಸ್ಕ್ರೂ ಕೂಡ ಬರುತ್ತದೆ. ಸಿಕ್ಕಿದರೆ ಅದು ಸುಲಭ.

ಹಲಗೆ ಕತ್ತರಿಸಲು ಸರ್ಕ್ಯುಲರ್ ಸಾ ಬಾಡಿಗೆಗೆ ತನ್ನಿ, ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿ. ಮಟ್ಟಕ್ಕೆ ನೀರಿನ ಟ್ಯೂಬಿಗಿಂತ ಒಳ್ಳೆಯದು ಇಲ್ಲ. ಮೂಲೆಗೆ 6 ಅಡಿ, 8 ಅಡಿ ಗುರುತು ಹಾಕಿ ಓರೆ ಅಳೆಯಿರಿ, 10 ಬಂದರೆ ಮೂಲೆ ಸರಿ.

ಕಡಲತಡಿ, ಮಂಜೇಶ್ವರ (ಫೆಬ್ರವರಿ 4)

ಗ್ರೈಂಡರಿನಿಂದ ಕಬ್ಬಿಣ ಕತ್ತರಿಸುವುದು ಏನೇ ಇದ್ದರೂ ಹಲಗೆ ಹಾಕುವ ಮೊದಲೇ ಮುಗಿಸಿ. ಕಿಡಿಯೆಲ್ಲಾ ಸಣ್ಣ ಸಣ್ಣ ಕಬ್ಬಿಣ. ಹಲಗೆಯ ಮೇಲೆ, ಸ್ಟೈನ್‌ಲೆಸ್ ತಲೆಯ ಮೇಲೆ ಅಂಟಿಕೊಂಡು ಒಂದು ಮಳೆಗೆ ಕೆಂಪು ಚುಕ್ಕೆ ಏಳುತ್ತದೆ. ಒಳ್ಳೆಯ ಸ್ಕ್ರೂವನ್ನೂ ತುಕ್ಕು ಹಿಡಿಯಿತು ಅಂತ ಬೈಯುತ್ತೇವೆ.

ಮಾಷ್ಟ್ರು, ಅಡೂರು (ಫೆಬ್ರವರಿ 4)

ಹಲಗೆ ಕೊಯ್ಯುವಾಗ ಕೆಳಗೆ ಟಾರ್ಪಾಲು ಹಾಸಿ. ಬೀಳುವ ಹುಡಿ ಮರದ ಹುಡಿ ಅಲ್ಲ, ಪ್ಲಾಸ್ಟಿಕ್ ಸೇರಿದೆ. ತೋಟದ ಮಣ್ಣಿಗೆ, ತೋಡಿಗೆ ಹೋಗುವುದು ಬೇಡ.

ತೋಟದಮನೆ, ನೀರ್ಚಾಲು (ಮೇ 2)

ಮುಗಿಯಿತು. ಟಾರ್ಪಾಲು ಹಾಸಿಯೇ ಕೊಯ್ದೆವು, ಬಿದ್ದ ಹುಡಿಯೆಲ್ಲಾ ಗೋಣಿಗೆ ತುಂಬಿದೆವು. ಫ್ರೇಮಿನ ವೆಲ್ಡ್ ಒಂದೊಂದನ್ನೂ ನಿಂತು ಪೈಂಟ್ ಮಾಡಿಸಿದೆ. 300 ತೂತಿಗೆ ಏಳು ಬಿಟ್ ಬೇಕಾಯಿತು. ತಿಳಿ ಬೂದು ಬಣ್ಣ. ಬಾಗಿಲಿನ ಹೊಸ್ತಿಲಿಗೂ ಡೆಕ್ಕಿಗೂ ಮಟ್ಟ ಒಂದೇ ಇದೆ, ಅಪ್ಪ ಕೋಲು ಹಿಡಿದು ಒಬ್ಬರೇ ಹೋಗುತ್ತಾರೆ. ಎರಡು ಹಲಗೆ ಎತ್ತಲು ಬರುವ ಹಾಗೆ ಬಿಟ್ಟಿದ್ದೇವೆ.

ತೋಟದಮನೆ, ನೀರ್ಚಾಲು (ಅಕ್ಟೋಬರ್ 19)

ಮಳೆಗಾಲ ಕಳೆದು ತುಲಾಮಳೆಯೂ (ಹಿಂಗಾರು) ಶುರುವಾಯಿತು. ನಿನ್ನೆ ಆ ಎರಡು ಹಲಗೆ ಎತ್ತಿ ಟಾರ್ಚ್ ಹಿಡಿದು ಕೆಳಗೆಲ್ಲಾ ನೋಡಿದೆ. ಫ್ರೇಮ್ ಒಣಗಿದೆ, ವೆಲ್ಡಿನಲ್ಲಿ ತುಕ್ಕು ಇಲ್ಲ. ಕ್ಲಿಪ್ ಸ್ಕ್ರೂ ಹಾಕಿದ ದಿನದ ಹಾಗೇ ಇವೆ. ತೋಟದ ಕಡೆಯ ಒಂದು ಕಂಬದ ಬುಡದಲ್ಲಿ ಅಂಗೈ ಅಗಲಕ್ಕೆ ಬಿಳಿ ಹುಡಿ ಎದ್ದಿದೆ. ಆಟಿಯಲ್ಲಿ (ಜುಲೈ-ಆಗಸ್ಟ್) ಮದ್ದು ಬಿಡುವಾಗ ಡ್ರಮ್ಮನ್ನು ಅಲ್ಲೇ ಇಟ್ಟಿದ್ದರು. ಮಾಷ್ಟ್ರು ಹೇಳಿದ್ದನ್ನು ನಾನು ಕೆಲಸದವರಿಗೆ ಹೇಳಿರಲಿಲ್ಲ, ತಪ್ಪು ನನ್ನದೇ. ಕೆರೆದು ಸತುವಿನ ಪೈಂಟ್ ಹಚ್ಚಿದೆ.

ಸಂದಿನಲ್ಲಿ ಮಾವಿನ ಎಲೆ, ಅಡಿಕೆ ಸಿಂಗಾರದ ಹುಡಿ ತುಂಬಿ ಎರಡು ಕಡೆ ನೀರು ನಿಂತಿತ್ತು. ತೆಂಗಿನ ಕಡ್ಡಿಯಿಂದ ಎಬ್ಬಿಸಿದರೆ ಬಂತು.

ಕೈಹಿಡಿಯ ಒಂದು ಮೂಲೆಯಿಂದ ಮಾತ್ರ ಕೆಂಪು ಗೆರೆ ಇಳಿದಿದೆ. ಅಯಸ್ಕಾಂತ ಹಿಡಿದೆ, ಟಪ್ ಅಂತ ಅಂಟಿತು. ಕೊನೆಯ ದಿನ ಸ್ಕ್ರೂ ಸಾಲದೆ ಪಕ್ಕದ ಅಂಗಡಿಯಿಂದ ತಂದ ನಾಲ್ಕು. ಮಂಗಳೂರಿನಿಂದ 316 ತಂದಿದ್ದೇನೆ, ಮಳೆ ಬಿಟ್ಟ ಕೂಡಲೇ ಬದಲಾಯಿಸುತ್ತೇನೆ. ಒಂದು ಹಲಗೆ ಉಳಿದಿದೆ. ಬದಿಯಡ್ಕ ಕಡೆ ಯಾರಾದರೂ ಡೆಕ್ ಮಾಡುವವರಿದ್ದರೆ ಬಂದು ನೋಡಿ, ಬಕೆಟಿನಲ್ಲಿ ಹಾಕಲು ತುಂಡು ಕೊಯ್ದು ಕೊಡುತ್ತೇನೆ.